ಪಟ್ಟಕ್ಕಾಗಿ ಕಾದ ಆರ್ಚಿ ಮೂರ್: ಲೈಟ್ ಹೆವಿವೇಟ್ ವರ್ಗದಲ್ಲಿ ಒಪ್ಪಂದಗಳ ಆಟ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದರೂ ಗಣಿ ಕಾಲೊನಿಗಳಲ್ಲಿ ಬೆಳೆದ ಬಾಕ್ಸಿಂಗಿನ ನಂಟು ಕೆಜಿಎಫ್‌ನಲ್ಲಿ ಇನ್ನೂ ಉಳಿದಿದೆ. ಇಲ್ಲಿ ಕೈಗವಸು ತೊಡುವ ಹುಡುಗರಿಗೆ ಹೆಚ್ಚು ಪರಿಚಿತವಾದದ್ದು ಅಮೆಚೂರ್ ಬಾಕ್ಸಿಂಗ್. ಅದರಲ್ಲಿ ಎದುರಾಳಿ ಯಾರೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ, ಗೆದ್ದವರು ಮುಂದಿನ ಸುತ್ತಿಗೆ ಹೋಗುತ್ತಾರೆ. ವೃತ್ತಿಪರ ಬಾಕ್ಸಿಂಗಿನಲ್ಲಿ ಹಾಗಲ್ಲ. ಎಷ್ಟೇ ಗೆದ್ದರೂ ಎರಡೂ ಕಡೆಯ ಮ್ಯಾನೇಜರುಗಳು ಹಣದ ವಿಷಯದಲ್ಲಿ ಒಪ್ಪದಿದ್ದರೆ ಪ್ರಶಸ್ತಿ ಪಂದ್ಯ ನಡೆಯುವುದಿಲ್ಲ.

ಲೈಟ್ ಹೆವಿವೇಟ್ ವರ್ಗ ಹುಟ್ಟಿದ್ದೂ ಒಬ್ಬ ಮ್ಯಾನೇಜರನ ಅನುಕೂಲಕ್ಕೇ. ಶಿಕಾಗೊದ ಪತ್ರಕರ್ತ ಲೂ ಹೌಸ್‌ಮನ್ ನೋಡಿಕೊಳ್ಳುತ್ತಿದ್ದ ಜ್ಯಾಕ್ ರೂಟ್ ಮಿಡಲ್‌ವೇಟ್ ಮಿತಿಯನ್ನು ಮೀರಿ ಬೆಳೆದಿದ್ದ, ಹೆವಿವೇಟ್ ದೈತ್ಯರ ಎದುರು ನಿಲ್ಲುವಷ್ಟು ತೂಕವೂ ಅವನಿಗಿರಲಿಲ್ಲ. ಅವನಿಗಾಗಿಯೇ ಹೌಸ್‌ಮನ್ ಎರಡರ ನಡುವಿನ ಈ ವರ್ಗವನ್ನು ಮುಂದಿಟ್ಟ. 1903ರಲ್ಲಿ ರೂಟ್ ಡೆಟ್ರಾಯಿಟ್‌ನಲ್ಲಿ ಕಿಡ್ ಮೆಕಾಯ್‌ನನ್ನು ಸೋಲಿಸಿ ಮೊದಲ ಚಾಂಪಿಯನ್ ಆದ. ಈಗ ಈ ವರ್ಗದ ಗರಿಷ್ಠ ತೂಕ 175 ಪೌಂಡ್, ಅಂದರೆ ಸುಮಾರು 79.4 ಕಿಲೊ. ಪ್ರೇಕ್ಷಕರೂ ಹಣವೂ ಮಾತ್ರ ಮೊದಲಿನಿಂದಲೂ ಹೆವಿವೇಟ್ ಕಡೆಗೇ ಹರಿದವು.

ಇದರ ಪರಿಣಾಮವನ್ನು ಆರ್ಚಿ ಮೂರ್‌ನಷ್ಟು ದೀರ್ಘಕಾಲ ಉಂಡವರು ವಿರಳ. 1930ರ ದಶಕದ ಮಧ್ಯದಲ್ಲೇ ವೃತ್ತಿಗಿಳಿದ ಅಮೆರಿಕದ ಈ ಕಪ್ಪುವರ್ಣೀಯ ಬಾಕ್ಸರ್ ಊರೂರು ಅಲೆದು ಸ್ಪರ್ಧಿಸಿದ, ದೇಶ ದಾಟಿ ಆಸ್ಟ್ರೇಲಿಯಾಕ್ಕೂ ಹೋಗಿಬಂದ. ಆದರೂ ಅವನಿಗೆ ಪ್ರಶಸ್ತಿಯ ಅವಕಾಶ ಸಿಕ್ಕಿದ್ದು 1952ರ ಡಿಸೆಂಬರ್‌ನಲ್ಲಿ, ಮೂವತ್ತೈದು ದಾಟಿದ ಮೇಲೆ. ಚಾಂಪಿಯನ್ನರಾಗಿದ್ದವರಿಗೆ ಮೂರ್‌ನೊಂದಿಗಿನ ಪಂದ್ಯದಲ್ಲಿ ಅಪಾಯ ದೊಡ್ಡದು, ಆದಾಯ ಚಿಕ್ಕದು; ಹಾಗಾಗಿ ತಪ್ಪಿಸಿಕೊಳ್ಳುವುದೇ ಜಾಣತನವಾಗಿತ್ತು. ಕೊನೆಗೂ ಒಪ್ಪಿದ ಚಾಂಪಿಯನ್ ಜೋಯಿ ಮ್ಯಾಕ್ಸಿಮ್‌ಗೆ ಒಂದು ಲಕ್ಷ ಡಾಲರಿನ ಖಾತರಿ ಕೊಡಬೇಕಾಯಿತು. ಗೆದ್ದ ಮೂರ್‌ಗೆ ಉಳಿದದ್ದು ಸುಮಾರು 800 ಡಾಲರ್. ಅಷ್ಟಕ್ಕೇ ಮುಗಿಯಲಿಲ್ಲ. ಮ್ಯಾಕ್ಸಿಮ್‌ನ ಮ್ಯಾನೇಜರ್ ಜ್ಯಾಕ್ ಕರ್ನ್ಸ್ ಹೊಸ ಚಾಂಪಿಯನ್ನನ ವ್ಯವಹಾರದಲ್ಲೂ ಪಾಲುದಾರನಾದ. ತನ್ನ ಬಾಕ್ಸರ್ ಸೋತರೂ ಆತ ಸೋಲಲಿಲ್ಲ ಎನ್ನಬೇಕು.

ಪಟ್ಟ ಸಿಕ್ಕ ಮೇಲೂ ಮೂರ್ ಹೆಚ್ಚಿನ ಹಣಕ್ಕಾಗಿ ಹೆವಿವೇಟ್ ಬಾಗಿಲು ತಟ್ಟಿದ. 1955ರಲ್ಲಿ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊನನ್ನು ಎರಡನೇ ಸುತ್ತಿನಲ್ಲಿ ನೆಲಕ್ಕುರುಳಿಸಿದರೂ ಒಂಬತ್ತನೆಯದರಲ್ಲಿ ಸೋತ. ಮರುವರ್ಷ ಫ್ಲಾಯ್ಡ್ ಪ್ಯಾಟರ್ಸನ್ ಎದುರೂ ಸೋತ. ತನ್ನದೇ ವರ್ಗದಲ್ಲಿ ಮಾತ್ರ ಅವನನ್ನು ಕದಲಿಸಲಾಗಲಿಲ್ಲ. 1958ರಲ್ಲಿ ಮಾಂಟ್ರಿಯಲ್‌ನಲ್ಲಿ ಇವಾನ್ ಡುರೆಲ್ ಮೊದಲ ಸುತ್ತಿನಲ್ಲೇ ಮೂರು ಸಲ, ಐದನೆಯದರಲ್ಲಿ ಮತ್ತೊಮ್ಮೆ ಕೆಡವಿದರೂ, ಮೂರ್ ಎದ್ದು ನಿಂತು ಹನ್ನೊಂದನೇ ಸುತ್ತಿನಲ್ಲಿ ನಾಕೌಟ್‌ನಿಂದ ಗೆದ್ದ. ಹಾಗೆ ನೋಡಿದರೆ ಅವನ ಪಟ್ಟ ಹೋದದ್ದು ರಿಂಗಿನಲ್ಲಿ ಸೋತು ಅಲ್ಲ, 1960ರಿಂದ ನಿಯಂತ್ರಣ ಸಂಸ್ಥೆಗಳು ಒಂದೊಂದಾಗಿ ಮಾನ್ಯತೆ ಹಿಂಪಡೆದಿದ್ದರಿಂದ.

ಈಗ ಪಟ್ಟ ಕೊಡುವ ಪ್ರಮುಖ ಸಂಸ್ಥೆಗಳೇ ನಾಲ್ಕಿವೆ. ಅವುಗಳೆಲ್ಲದರ ಲೈಟ್ ಹೆವಿವೇಟ್ ಪಟ್ಟಗಳು ಒಬ್ಬನ ಕೈಸೇರಿದ್ದು 2024ರ ಅಕ್ಟೋಬರ್‌ನಲ್ಲಿ, ರಿಯಾದ್‌ನಲ್ಲಿ ಆರ್ಟುರ್ ಬೆಟರ್ಬಿಯೆವ್ ಡಿಮಿಟ್ರಿ ಬಿವೊಲ್‌ನನ್ನು ಸೋಲಿಸಿದಾಗ. 2025ರ ಫೆಬ್ರವರಿಯ ಮರುಪಂದ್ಯದಲ್ಲಿ ಬಿವೊಲ್ ಗೆದ್ದ.

ಭಾರತದಲ್ಲಿ ಈ ವೃತ್ತಿಗೆ ಇನ್ನೂ ಗಟ್ಟಿ ನೆಲೆಯಿಲ್ಲ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದ ವಿಜೇಂದರ್ ಸಿಂಗ್ ಕೂಡ 2015ರಲ್ಲಿ ವೃತ್ತಿಪರನಾಗಲು ಬ್ರಿಟಿಷ್ ಪ್ರವರ್ತಕ ಸಂಸ್ಥೆಯೊಂದರ ಒಪ್ಪಂದಕ್ಕೆ ಸಹಿ ಹಾಕಿ, ಮ್ಯಾಂಚೆಸ್ಟರ್‌ನಲ್ಲಿ ಮೊದಲ ಪಂದ್ಯ ಆಡಬೇಕಾಯಿತು. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಹುಡುಗನೊಬ್ಬ ಅದೇ ದಾರಿ ಹಿಡಿಯುವುದಾದರೆ, ಯಾರ ಜೊತೆ ಯಾವ ಷರತ್ತಿಗೆ ಸಹಿ ಹಾಕುತ್ತಾನೆ ಎಂಬುದು ಅವನ ಎಡಗೈ ಜ್ಯಾಬ್‌ನಷ್ಟೇ ಮುಖ್ಯವಾಗುತ್ತದೆ.