ಕೇಳಿಸಿಕೊಂಡು ನುಡಿಸಿದರೆ ತಡವಾಗುತ್ತದೆ

ಇಬ್ಬರು ಗಿಟಾರ್ ಹಿಡಿದು ಪಕ್ಕಪಕ್ಕ ಕೂತಿದ್ದಾರೆ. ಇನ್ನೂ ತಂತಿ ಮುಟ್ಟಿಲ್ಲ. ಒಬ್ಬರು ತಲೆ ತುಸು ಎತ್ತಿ ಉಸಿರೆಳೆದುಕೊಳ್ಳುತ್ತಾರೆ, ತಲೆ ಕೆಳಗಿಳಿಯುತ್ತದೆ, ಅದೇ ಕ್ಷಣಕ್ಕೆ ಎರಡೂ ಗಿಟಾರ್ ಒಟ್ಟಿಗೆ ನುಡಿಯುತ್ತವೆ. ಯಾರೂ ಒಂದು, ಎರಡು, ಮೂರು ಅಂತ ಎಣಿಸಲಿಲ್ಲ. ಜೋಡಿ ಗಿಟಾರ್ ಕಛೇರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಗಳಿಗೆ ಇದೇ.

ಪಿಟೀಲಿನಲ್ಲಿ ಕಮಾನು ಎಳೆದರೆ ನಾದ ಮೆಲ್ಲಗೆ ಹುಟ್ಟಿ ಬೆಳೆಯುತ್ತದೆ. ಇಬ್ಬರ ನಡುವೆ ಚೂರು ಹಿಂದುಮುಂದಾದರೂ ಅದರಲ್ಲಿ ಮುಚ್ಚಿಹೋಗುತ್ತದೆ. ಗಿಟಾರ್ ಹಾಗಲ್ಲ. ಉಗುರಿನಿಂದ ತಂತಿ ಜಾರಿದ ಕೂಡಲೇ ಸದ್ದು ಜೋರಾಗಿ ಎದ್ದು, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಇಬ್ಬರೂ ಒಟ್ಟಿಗೆ ಮೀಟದಿದ್ದರೆ 'ಟಣ್' ಅನ್ನೋ ಕಡೆ 'ಟಟಣ್' ಕೇಳುತ್ತದೆ, ಅಷ್ಟೇ. 1950, 60ರ ದಶಕಗಳಲ್ಲಿ ಹೆಸರಾದ ಇಡಾ ಪ್ರೆಸ್ತಿ ಮತ್ತು ಅಲೆಕ್ಸಾಂಡ್ರ್ ಲಗೋಯಾ ದಂಪತಿ ಉಗುರಿನ ಒಂದೇ ಬದಿಯಿಂದ, ಬಲಗಡೆಯಿಂದ, ಮೀಟುತ್ತಿದ್ದರು. ನಾದದ ಬಣ್ಣವೂ ಕೂಡಬೇಕಲ್ವಾ!

ಹಾಗಾದರೆ ಗಮನವಿಟ್ಟು ಕೇಳಿಸಿಕೊಂಡು ನುಡಿಸಿದರೆ ಸಾಕಲ್ಲ ಅಂತ ಅನ್ನಿಸಬಹುದು. ಸಾಲದು. ಸದ್ದು ಕಿವಿಗೆ ಬಿದ್ದ ಮೇಲೆ ಬೆರಳು ಅಲ್ಲಾಡಲು ಸುಮಾರು 150 ಮಿಲಿಸೆಕೆಂಡ್ ಬೇಕು. ಪಳಗಿದ ವಾದಕರ ನಡುವಿನ ವ್ಯತ್ಯಾಸ ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಜೊತೆಗಾರನ ಸ್ವರ ಹುಟ್ಟುವ ಮೊದಲೇ ಅದು ಯಾವಾಗ ಬರುತ್ತದೆ ಅಂತ ಊಹಿಸಿ ಬೆರಳು ಹೊರಟುಬಿಟ್ಟಿರುತ್ತದೆ. ಊಹೆ ಕೂದಲೆಳೆಯಷ್ಟು ತಪ್ಪಿದರೆ ಮುಂದಿನ ಸ್ವರದಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಸರಿಮಾಡಿಕೊಳ್ಳುತ್ತಾರೆ, ಅವರಿಗೇ ಗೊತ್ತಾಗದ ಹಾಗೆ.

ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2009ರಲ್ಲಿ ಎಂಟು ಜೋಡಿ ಗಿಟಾರ್ ವಾದಕರ ತಲೆಗೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಟೋಪಿ ಹಾಕಿ ನುಡಿಸಲು ಹೇಳಿದರು. ಆರಂಭದ ಹೊತ್ತಿಗೆ ಇಬ್ಬರ ಮಿದುಳಿನ ಅಲೆಗಳೂ ಹೆಜ್ಜೆ ಕೂಡಿಸಿದ್ದು ಕಂಡಿತು. ಆದರೆ ಇಬ್ಬರೂ ನುಡಿಸಿದ್ದು ಒಂದೇ ರಾಗ, ಕೇಳಿದ್ದೂ ಒಂದೇ ಸದ್ದು. ಅಲೆಗಳು ಕೂಡಿದ್ದು ಬರೀ ಅದರಿಂದಲೇ ಇರಬಹುದಲ್ಲ? ಈ ಪ್ರಶ್ನೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದಕ್ಕೇ 2012ರಲ್ಲಿ ಹದಿನಾರು ಜೋಡಿಗಳಿಗೆ ಬೇರೆ ಬೇರೆ ಸ್ವರಸಾಲು ಕೊಟ್ಟು, ಒಬ್ಬರು ಮುನ್ನಡೆಸಬೇಕು, ಇನ್ನೊಬ್ಬರು ಹಿಂಬಾಲಿಸಬೇಕು ಎಂದು ಗೊತ್ತುಮಾಡಿದರು. ಆಗಲೂ, ಹೊಂದಾಣಿಕೆ ಹೆಚ್ಚು ಬೇಕಾದ ಜಾಗಗಳಲ್ಲಿ ಅಲೆಗಳ ಕೂಡಾಟ ಜಾಸ್ತಿಯಾಯಿತು. ಇದರಲ್ಲಿ ಮಾಯಾಜಾಲವೇನಿಲ್ಲ. ಎರಡು ಮಿದುಳು ಒಂದೇ ಕ್ಷಣಕ್ಕೆ ತಯಾರಾಗುತ್ತಿವೆ.

ಲಾಕ್‌ಡೌನ್ ಕಾಲದಲ್ಲಿ ನಾನೂ ಗೆಳೆಯನೂ ವಿಡಿಯೋ ಕಾಲ್‌ನಲ್ಲಿ ಜೊತೆಗೆ ನುಡಿಸಲು ನೋಡಿದೆವು. ಒಂದೇ ಕೋಣೆಯಲ್ಲಿ ಸದ್ದು ಒಂದು ಮೀಟರ್ ದಾಟಲು 3 ಮಿಲಿಸೆಕೆಂಡ್ ಸಾಕು. ಫೋನಿನಲ್ಲಿ ಅದರ ಎಷ್ಟೋ ಪಟ್ಟು ತಡ. ಅವನ ಸ್ವರಕ್ಕೆ ನಾನು ಕಾದೆ, ನನ್ನದಕ್ಕೆ ಅವನು ಕಾದ, ಹೀಗೆ ಕಾಯುತ್ತಾ ಲಯ ನಿಧಾನವಾಗಿ, ನಿಧಾನವಾಗಿ, ನಾಲ್ಕನೇ ಸಾಲಿಗೆ ನಿಂತೇಹೋಯಿತು. ತಿಂಗಳುಗಳಾದ ಮೇಲೆ ಅವನ ಮನೆಯ ಚಾಪೆಯಲ್ಲಿ ಕೂತು ಅದೇ ಹಾಡು ಶುರುಮಾಡಿದಾಗ ನಾನು ತಂತಿ ನೋಡಲಿಲ್ಲ, ಅವನ ಭುಜ ಏಳುವುದನ್ನೇ ನೋಡುತ್ತಿದ್ದೆ.