ಸಿಗ್ನಲ್‌ನಲ್ಲಿ ಆಟ ಆಡುವವರು ಎಲ್ಲಿಂದ ಬಂದರು?

ಕೆಂಪು ದೀಪ ಬಿದ್ದ ತಕ್ಷಣ ಅವನು ಝೀಬ್ರಾ ಪಟ್ಟಿಯ ಮೇಲೆ ಬಂದು ನಿಲ್ಲುತ್ತಾನೆ. ಮೂರೋ ನಾಲ್ಕೋ ಕೋಲುಗಳು ಮೇಲಕ್ಕೆ ಹಾರುತ್ತವೆ. ಬೆನ್ನ ಹಿಂದಿನಿಂದ ಒಂದು, ಕಾಲಡಿಯಿಂದ ಇನ್ನೊಂದು. ದೀಪ ಅರವತ್ತು ಸೆಕೆಂಡಿನದ್ದಾದರೆ ಆಟ ನಲವತ್ತಕ್ಕೆ ಮುಗಿಯಲೇಬೇಕು. ಉಳಿದ ಇಪ್ಪತ್ತರಲ್ಲಿ ಒಂದು ನಮಸ್ಕಾರ ಹಾಕಿ, ಟೋಪಿ ಕೈಗೆತ್ತಿಕೊಂಡು, ಕಾರುಗಳ ಸಾಲಿನ ನಡುವೆ ಒಂದು ಸುತ್ತು ಬಂದು, ಹಸಿರು ಬೀಳುವುದರೊಳಗೆ ಫುಟ್‌ಪಾತ್ ಹತ್ತಿರಬೇಕು. ಆಟ ಐದು ಸೆಕೆಂಡು ಜಾಸ್ತಿ ಎಳೆದರೆ ಆ ಸುತ್ತಿನ ಸಂಪಾದನೆ ಹೋಯಿತು ಅಂತಲೇ ಲೆಕ್ಕ.

ಬೊಗೊಟಾ, ಲಿಮಾ, ಸ್ಯಾಂಟಿಯಾಗೊ, ಬ್ಯೂನಸ್ ಐರಿಸ್, ಮೆಕ್ಸಿಕೊ ಸಿಟಿ. ಲ್ಯಾಟಿನ್ ಅಮೆರಿಕದ ದೊಡ್ಡ ಊರುಗಳಲ್ಲಿ ಇದು ಮಾಮೂಲು ದೃಶ್ಯ. ಆಡುವವರಲ್ಲಿ ತುಂಬ ಜನ ಆ ಊರಿನವರಲ್ಲ, ಎಷ್ಟೋ ಸಲ ಆ ದೇಶದವರೂ ಅಲ್ಲ. ಅವರ ಮೇಲೆ ಬರುವ ದೂರುಗಳೂ ಎಲ್ಲ ಕಡೆ ಒಂದೇ ಥರ. ಎಲ್ಲಿಂದಲೋ ಬಂದವನು. ಕಲೆಯ ಹೆಸರಲ್ಲಿ ಭಿಕ್ಷೆ ಬೇಡ್ತಾನೆ. ಟ್ರಾಫಿಕ್‌ಗೆ ಅಡ್ಡ ಬರ್ತಾನೆ. ಈ ಮೂರೂ ಒಂದೇ ಉಸಿರಲ್ಲಿ ಬರುತ್ತವೆ, ಆದರೆ ಮೂರರ ವಯಸ್ಸೂ ಬೇರೆ. ಮೊದಲಿನ ಎರಡು ನೂರಾರು ವರ್ಷ ಹಳೆಯವು, ಕೊನೆಯದು ಮೋಟಾರು ಕಾರಿನ ಜೊತೆ ಬಂದದ್ದು. ಇನ್ನೊಂದು ವಿಚಿತ್ರ ಏನು ಗೊತ್ತಾ? ಇಷ್ಟೆಲ್ಲ ಕಾನೂನು ಮಾಡಿದವರಲ್ಲಿ ಹೆಚ್ಚಿನವರು ಆಟ ಹೇಗಿದೆ ಅಂತ ಕೇಳಲೇ ಇಲ್ಲ.

ಹಳೆಯ ದೂರಿನಿಂದ ಶುರು ಮಾಡೋಣ. 1572ರಲ್ಲಿ ಇಂಗ್ಲೆಂಡಿನಲ್ಲಿ ಅಲೆಮಾರಿಗಳ ವಿರುದ್ಧ ಒಂದು ಕಾನೂನು ಬಂತು. ಕರಡಿ ಆಡಿಸುವವರು, ನಾಟಕದವರು, ಹಾಡುಗಾರರು ಯಾರಾದರೂ ದೊಡ್ಡ ಪ್ರಭುವಿನ ಆಶ್ರಯದಲ್ಲಿ ಇರಬೇಕಿತ್ತು. ಕೈಚಳಕ ತೋರಿಸುವವರ ಹತ್ತಿರ ಇಬ್ಬರು ನ್ಯಾಯಾಧಿಕಾರಿಗಳು ಕೊಟ್ಟ ಪರವಾನಗಿ ಇರಬೇಕಿತ್ತು. ಇಲ್ಲದಿದ್ದರೆ ಅವರು ಪೋಕರಿ ಅಲೆಮಾರಿಗಳು. ಶಿಕ್ಷೆ ಕೇಳಿದರೆ ಮೈ ಜುಮ್ಮೆನ್ನುತ್ತದೆ: ಚಾಟಿ ಏಟು, ಆಮೇಲೆ ಕಾದ ಕಬ್ಬಿಣದಿಂದ ಬಲಗಿವಿಗೆ ತೂತು. ತಪ್ಪಿಸಿಕೊಳ್ಳಲು ಒಂದು ದಾರಿ ಇತ್ತು. ಯಾರಾದರೂ ಮರ್ಯಾದಸ್ಥರು ಅವನನ್ನು ಒಂದು ವರ್ಷ ಆಳಾಗಿ ಇಟ್ಟುಕೊಳ್ಳುತ್ತೇನೆ ಅಂದರೆ ಬಿಡುತ್ತಿದ್ದರು. ಅಂದರೆ ಹಾಡಿದ್ದಕ್ಕೆ, ಕುಣಿದದ್ದಕ್ಕೆ ಶಿಕ್ಷೆ ಇರಲಿಲ್ಲ, ಯಜಮಾನ ಇಲ್ಲದೆ ಊರೂರು ತಿರುಗಿದ್ದಕ್ಕೆ ಇತ್ತು. ಹಾಗಾಗಿ ನಾಟಕದ ತಂಡಗಳೆಲ್ಲ ಯಾವುದಾದರೊಂದು ಪ್ರಭುವಿನ ಹೆಸರು ಅಂಟಿಸಿಕೊಂಡವು. 1576ರಲ್ಲಿ ಜೇಮ್ಸ್ ಬರ್ಬೇಜ್ ಎಂಬ ನಟ ಲಂಡನ್ ನಗರದ ಗಡಿಯ ಆಚೆ, ಶೋರ್‌ಡಿಚ್‌ನಲ್ಲಿ ನಾಟಕಕ್ಕೆಂದೇ ಒಂದು ಕಟ್ಟಡ ಕಟ್ಟಿಸಿದ. ಯಜಮಾನ ಸಿಕ್ಕವರು ಹೀಗೆ ಸೂರಿನಡಿ ಸೇರಿಕೊಂಡರು, ಸಿಗದವರು ಬೀದಿಯಲ್ಲೇ ಉಳಿದರು.

ಈ ಯೋಚನೆ ಹಡಗು ಹತ್ತಿ ದೂರ ದೂರ ಹೋಯಿತು. ಭಾರತದಲ್ಲಿ ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಇಡೀ ಇಡಿಯಾಗಿ ಹುಟ್ಟಾ ಕಳ್ಳರು ಅಂತ ಪಟ್ಟಿ ಮಾಡಿತು. ತಿರುಗಾಡುವುದೇ ಸಂಶಯಕ್ಕೆ ಸಾಕಾಗಿತ್ತು. 1952ರಲ್ಲಿ ಅದು ರದ್ದಾಯಿತು. ಆದರೆ 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಓದಿದರೆ ಹಳೆಯ ವಾಸನೆ ಹೋಗಿಲ್ಲ ಅಂತ ಗೊತ್ತಾಗುತ್ತದೆ. ಸಾರ್ವಜನಿಕ ಜಾಗದಲ್ಲಿ ಕಾಸು ಕೇಳಿದರೆ ಅದು ಭಿಕ್ಷೆ, ಹಾಡುವ, ಕುಣಿಯುವ, ಭವಿಷ್ಯ ಹೇಳುವ, ಆಟ ತೋರಿಸುವ ನೆಪದಲ್ಲಿ ಕೇಳಿದರೂ ಭಿಕ್ಷೆಯೇ. ನೆಪ ಅನ್ನುವ ಆ ಒಂದು ಮಾತಿನಲ್ಲಿ ಇಡೀ ಬೀದಿ ಕಲೆಯನ್ನು ಪಕ್ಕಕ್ಕೆ ತಳ್ಳಿಬಿಟ್ಟರು ನೋಡಿ. 2018ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್, ಭಿಕ್ಷೆ ಬೇಡುವುದೇ ಅಪರಾಧ ಎನ್ನುವ ಕಲಮುಗಳನ್ನು ದೆಹಲಿಯ ಮಟ್ಟಿಗೆ ತೆಗೆದುಹಾಕಿತು.

ಇನ್ನು ಹತ್ತೊಂಬತ್ತನೇ ಶತಮಾನದ ಲಂಡನ್. ಅಲ್ಲಿನ ಗಲಾಟೆ ನನಗೆ ತುಂಬ ಇಷ್ಟ, ಯಾಕೆಂದರೆ ಅದರಲ್ಲಿ ಕಂಪ್ಯೂಟರಿನ ತಾತ ಚಾರ್ಲ್ಸ್ ಬ್ಯಾಬೇಜ್ ಇದ್ದಾನೆ. ಬೀದಿಯಲ್ಲಿ ಹಿಡಿಕೆ ತಿರುಗಿಸಿ ಸಂಗೀತ ಹೊರಡಿಸುವ ಪೆಟ್ಟಿಗೆಯವರು, ಅವರಲ್ಲಿ ಬಹಳಷ್ಟು ಜನ ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು, ಅವನ ತಲೆ ಕೆಡಿಸಿಬಿಟ್ಟಿದ್ದರು. ತನ್ನ ದುಡಿಯುವ ಶಕ್ತಿಯಲ್ಲಿ ಕಾಲು ಭಾಗವನ್ನು ಈ ಗದ್ದಲವೇ ತಿಂದುಹಾಕಿತು ಅಂತ ಅವನು ಬರೆದುಕೊಂಡ. ಸಂಸದ ಮೈಕೆಲ್ ಬ್ಯಾಸ್ ಮಸೂದೆ ತಂದ, ಡಿಕನ್ಸ್, ಟೆನಿಸನ್ ಥರದ ದೊಡ್ಡ ದೊಡ್ಡ ಬರಹಗಾರರು ಅದನ್ನು ಬೆಂಬಲಿಸುವ ಪತ್ರಕ್ಕೆ ಸಹಿ ಹಾಕಿದರು, 1864ರಲ್ಲಿ ಕಾನೂನು ಆಯಿತು. ಮನೆಯವರು ಹೋಗು ಅಂದರೆ ವಾದ್ಯದವನು ಹೋಗಲೇಬೇಕು. ಶಬ್ದದ ಕಷ್ಟ ನಿಜವೇ ಇರಬಹುದು, ಕಿಟಕಿಯ ಕೆಳಗೆ ಒಂದೇ ರಾಗ ದಿನವಿಡೀ ಕೇಳಿದರೆ ಯಾರಿಗಾದರೂ ರೇಗುತ್ತದೆ. ಆದರೆ ಅಂದಿನ ಬರಹಗಳಲ್ಲಿ ಶಬ್ದದ ಜೊತೆಗೇ ಈ ವಿದೇಶಿಗರು ಕೊಳಕರು, ಸೋಮಾರಿಗಳು ಅನ್ನುವ ಮಾತೂ ಬೆರೆತುಕೊಂಡು ಬರುತ್ತಿತ್ತು.

ನ್ಯೂಯಾರ್ಕ್‌ನಲ್ಲಿ ಇದೇ ಕಥೆಗೆ ಇನ್ನೊಂದು ತಿರುವು. ಅಲ್ಲಿನ ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯಾ 1936ರ ಹೊತ್ತಿಗೆ ಈ ವಾದ್ಯದವರ ಪರವಾನಗಿಗಳನ್ನೆಲ್ಲ ನಿಲ್ಲಿಸಿದ. ಈಗ ರೇಡಿಯೊ ಇದೆ, ಸಂಗೀತಕ್ಕೆ ಇವರು ಯಾಕೆ ಅನ್ನುವುದು ಅವನ ಒಂದು ವಾದ. ಅವನ ಅಪ್ಪ ಸ್ವತಃ ಇಟಲಿಯಿಂದ ವಲಸೆ ಬಂದವನು. ಚಿಕ್ಕವನಿದ್ದಾಗ ಊರಿಗೆ ಕೋತಿ ಹಿಡಿದುಕೊಂಡು ಒಬ್ಬ ಇಟಲಿಯ ವಾದ್ಯದವನು ಬಂದದ್ದೇ ತಡ, ಜೊತೆಯ ಹುಡುಗರು ತನ್ನನ್ನು ಹೇಗೆ ಹಂಗಿಸಿದರು ಅಂತ ಅವನೇ ಬರೆದಿದ್ದಾನೆ. ಹೊರಗಿನವನ ಮೇಲೆ ಸಿಟ್ಟು ಬರುವುದು ಒಳಗಿನವರಿಗೆ ಮಾತ್ರ ಅಂದುಕೊಳ್ಳಬೇಡಿ. ಆ ನಿಷೇಧ ಹೋಗಲು 1970ರವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಬೀದಿಯೇ ಬದಲಾಗಿತ್ತು. ಕಾರು ಬರುವ ಮುಂಚೆ ಬೀದಿ ಅಂದರೆ ಎಲ್ಲದಕ್ಕೂ ಜಾಗ. ಕುದುರೆ ಗಾಡಿ, ತಳ್ಳುಗಾಡಿ, ಮಕ್ಕಳ ಆಟ, ಜಗಳ, ಮೆರವಣಿಗೆ ಎಲ್ಲ ಅಲ್ಲೇ. ಲಂಡನ್ನಿನ ಸಂಸತ್ತಿನ ಹತ್ತಿರ 1868ರ ಡಿಸೆಂಬರಿನಲ್ಲಿ ರೈಲ್ವೆ ಇಂಜಿನಿಯರ್ ಜಾನ್ ಪೀಕ್ ನೈಟ್ ಗ್ಯಾಸಿನಿಂದ ಉರಿಯುವ ಸಿಗ್ನಲ್ ಕಂಬ ನಿಲ್ಲಿಸಿದ್ದ, ಮರುತಿಂಗಳೇ ಅದು ಸಿಡಿದು ಪೊಲೀಸಿನವನಿಗೆ ಸುಟ್ಟ ಗಾಯವಾಯಿತು, ಅಲ್ಲಿಗೆ ಆ ಪ್ರಯೋಗ ಮುಗಿಯಿತು. ವಿದ್ಯುತ್ ದೀಪ ಬಂದದ್ದು 1914ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. 1920ರ ದಶಕದಲ್ಲಿ ಕಾರು ಕಂಪನಿಗಳು, ಮೋಟಾರು ಕ್ಲಬ್ಬುಗಳು ಸೇರಿಕೊಂಡು ಒತ್ತಡ ಹಾಕಿದವು. ಎಲ್ಲೆಂದರಲ್ಲಿ ರಸ್ತೆ ದಾಟುವುದೇ ತಪ್ಪಾಯಿತು. ಲಾಸ್ ಏಂಜಲೀಸ್ 1925ರಲ್ಲಿ ಮಾಡಿದ ನಿಯಮವನ್ನು ಬೇರೆ ಊರುಗಳು ನೋಡಿ ಬರೆದುಕೊಂಡವು. ಅಂದಿನಿಂದ ರಸ್ತೆ ಅಂದರೆ ವಾಹನ ಓಡುವ ಜಾಗ. ನಿಂತವರೆಲ್ಲ ಅಡ್ಡಿ.

ಬೀದಿಯಿಂದ ಆಟಗಾರನನ್ನು ಓಡಿಸಿದ ಆ ದೀಪವೇ ಅವನಿಗೆ ಹೊಸ ರಂಗಸ್ಥಳವನ್ನೂ ಕೊಟ್ಟಿತು. ಚೌಕದಲ್ಲಿ ಆಡುವವನಿಗೆ ಜನ ಸೇರಿಸುವುದೇ ದೊಡ್ಡ ಕೆಲಸ. ಸುಮ್ನೆ ಹೋಗುವವರನ್ನು ಕೂಗಿ, ನಗಿಸಿ, ಹಿಡಿದು ನಿಲ್ಲಿಸಬೇಕು. ಸಿಗ್ನಲ್‌ನಲ್ಲಿ ಆ ಕಷ್ಟವೇ ಇಲ್ಲ. ಸಾಲಾಗಿ ನಿಂತಿದ್ದಾರೆ, ಮುಖ ಮುಂದಕ್ಕಿದೆ, ಎದ್ದು ಹೋಗುವ ಹಾಗಿಲ್ಲ. ಆದರೆ ಈ ಪ್ರೇಕ್ಷಕರು ಗಾಜಿನ ಹಿಂದೆ ಇದ್ದಾರೆ, ಎಸಿ ಹಾಕಿಕೊಂಡಿದ್ದಾರೆ, ಹಾಡಿದರೆ ಕೇಳಿಸುವುದಿಲ್ಲ. ಅದಕ್ಕೇ ಇಲ್ಲಿ ಕಣ್ಣಿಗೆ ಹೊಡೆಯುವ ಆಟಗಳೇ ಗೆಲ್ಲುತ್ತವೆ. ಬೆಂಕಿ, ಮೇಲಕ್ಕೆ ಹಾರುವ ಕೋಲು, ಆಳೆತ್ತರದ ಒಂಟಿ ಚಕ್ರದ ಸೈಕಲ್, ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗ. ಸೈಕಲ್ ಅಷ್ಟು ಎತ್ತರ ಇರುವುದು ಬರೀ ಶೋಕಿಗೆ ಅಲ್ಲ, ನಾಲ್ಕನೇ ಸಾಲಿನ ಕಾರಿಗೂ ಕಾಣಬೇಕಲ್ವಾ?

ರಂಗಸ್ಥಳ ಸಿದ್ಧವಿತ್ತು, ಜನ ಅಲ್ಲಿಗೆ ಬಂದದ್ದು ಹಸಿವಿನಿಂದ. 1982ರಲ್ಲಿ ಮೆಕ್ಸಿಕೊ ಸರ್ಕಾರ ಸಾಲ ತೀರಿಸಲು ಆಗುವುದಿಲ್ಲ ಅಂತ ಕೈಚೆಲ್ಲಿತು, ಪೆಸೊ ಬೆಲೆ ಕುಸಿಯಿತು, ಕೆಲಸಗಳು ಹೋದವು. ಆ ದಶಕದಲ್ಲಿ ಮೆಕ್ಸಿಕೊ ಸಿಟಿಯ ಸಿಗ್ನಲ್‌ಗಳಲ್ಲಿ ಬಾಯಿಂದ ಬೆಂಕಿ ಊದುವ ಹುಡುಗರು ಬಡತನಕ್ಕೆ ಗುರುತಾಗಿ ಹೋದರು. ಬಾಯಲ್ಲಿ ಡೀಸೆಲ್ಲೋ ಪೆಟ್ರೋಲೋ ತುಂಬಿಕೊಂಡು ಪಂಜಿನ ಮೇಲೆ ಊದುವುದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಕೆಟ್ಟ ನ್ಯುಮೋನಿಯಾ ಆಗುತ್ತದೆ, ವೈದ್ಯರು ಅದನ್ನು ಬೆಂಕಿ ಊದುವವರ ನ್ಯುಮೋನಿಯಾ ಅಂತಲೇ ಕರೆಯುತ್ತಾರೆ. ಇದನ್ನು ಕಲೆ ಅಂತ ಹಾಡಿ ಹೊಗಳಲು ನನಗೆ ಮನಸ್ಸಾಗುವುದಿಲ್ಲ.

ಇನ್ನೊಂದು ಕಡೆಯಿಂದ ನಿಜವಾದ ವಿದ್ಯೆ ಕಲಿತವರೂ ಬಂದರು. ಅಲ್ಲಿಯವರೆಗೆ ಸರ್ಕಸ್ ಬಹುತೇಕ ಮನೆತನದ ಕಸುಬು, ಅಪ್ಪನಿಂದ ಮಗನಿಗೆ, ಅಮ್ಮನಿಂದ ಮಗಳಿಗೆ. 1974ರಲ್ಲಿ ಫ್ರಾನ್ಸಿನಲ್ಲಿ ಆನಿ ಫ್ರಾಟೆಲ್ಲಿನಿ ಥರದವರು ಶಾಲೆ ತೆರೆದು, ಯಾರು ಬೇಕಾದರೂ ಬಂದು ಕಲಿಯಿರಿ ಅಂದರು. ಆ ಗಾಳಿ ಲ್ಯಾಟಿನ್ ಅಮೆರಿಕಕ್ಕೂ ಬೀಸಿತು. 2001ರ ಡಿಸೆಂಬರಿನಲ್ಲಿ ಅರ್ಜೆಂಟೀನಾದಲ್ಲಿ ಬ್ಯಾಂಕಿನಲ್ಲಿದ್ದ ದುಡ್ಡನ್ನೇ ಜನ ತೆಗೆಯದಂತೆ ಮಾಡಿದಾಗ, ಕೆಲಸ ಕಳೆದುಕೊಂಡ ಓದಿದ ಹುಡುಗ ಹುಡುಗಿಯರೂ ಸಿಗ್ನಲ್‌ಗೆ ಇಳಿದರು. ಕೆಲವರಿಗೆ ಅದು ಹೊಟ್ಟೆಪಾಡು, ಇನ್ನು ಕೆಲವರಿಗೆ ಬೆನ್ನಿಗೊಂದು ಚೀಲ ಹಾಕಿಕೊಂಡು ಗಡಿ ದಾಟಿ ದಾಟಿ ಹೋಗುವ ದಾರಿ ಖರ್ಚು. ಮುಂದೆ ವೆನೆಜುವೆಲಾದ ಬದುಕು ಕುಸಿದು ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟಾಗ, ಬೊಗೊಟಾ, ಲಿಮಾದ ಸಿಗ್ನಲ್‌ಗಳಲ್ಲಿ ಅವರೂ ಸೇರಿಕೊಂಡರು. ಹೀಗಾಗಿ ಅಕ್ಕಪಕ್ಕದ ಎರಡು ಸಿಗ್ನಲ್‌ನಲ್ಲಿ ಒಬ್ಬ ಶೋಕಿಗೆ ಬಂದವನು, ಇನ್ನೊಬ್ಬ ವಿಧಿಯಿಲ್ಲದೆ ಬಂದವನು ಇರಬಹುದು. ಕಾರಿನೊಳಗೆ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಪೊಲೀಸರು ಅದನ್ನು ವಿಚಾರಿಸಲು ಹೋಗುವುದೂ ಇಲ್ಲ.

ಇಷ್ಟರ ನಡುವೆ ಬೊಗೊಟಾದಲ್ಲಿ ಒಂದು ತಮಾಷೆ ನಡೆದಿತ್ತು. 1995ರಲ್ಲಿ ಅಂಟಾನಸ್ ಮೊಕಸ್ ಅಲ್ಲಿ ಮೇಯರ್ ಆದ. ಗಣಿತ, ತತ್ವಶಾಸ್ತ್ರದ ಮೇಷ್ಟ್ರು, ಲಿಥುವೇನಿಯಾದಿಂದ ಬಂದ ಕುಟುಂಬದವನು. ಟ್ರಾಫಿಕ್ ಪೊಲೀಸರು ಲಂಚಕ್ಕೆ ಹೆಸರಾಗಿದ್ದರು, ಯಾರೂ ನಿಯಮ ಪಾಲಿಸುತ್ತಿರಲಿಲ್ಲ. ಇವನು ಮುಖಕ್ಕೆ ಬಿಳಿ ಬಣ್ಣ ಬಳಿದ ಮೂಕಾಭಿನಯದ ಕಲಾವಿದರನ್ನು ತಂದು ಚೌಕಗಳಲ್ಲಿ ನಿಲ್ಲಿಸಿದ. ಮೊದಲು ಇಪ್ಪತ್ತು ಜನ, ಆಮೇಲೆ ನೂರಾರು. ಝೀಬ್ರಾ ಪಟ್ಟಿಯ ಮೇಲೆ ಕಾರು ನಿಲ್ಲಿಸಿದವನನ್ನು ಅಣಕಿಸುವುದು, ಅಡ್ಡಾದಿಡ್ಡಿ ದಾಟುವವರ ಹಿಂದೆ ಅವರಂತೆಯೇ ನಡೆಯುವುದು. ದಂಡಕ್ಕೆ ಹೆದರದ ಜನ ನಗೆಪಾಟಲಿಗೆ ಹೆದರಿದರು. 2001ರಲ್ಲಿ ಬೊಲಿವಿಯಾದ ಲಾ ಪಾಸ್ ಊರು ಝೀಬ್ರಾ ವೇಷದ ಯುವಕರನ್ನು ಇಂಥದೇ ಕೆಲಸಕ್ಕೆ ಇಳಿಸಿತು, ಅವರು ಊರಿನ ಹೆಮ್ಮೆಯೇ ಆಗಿಹೋದರು. ಅದೇ ಚೌಕ, ಅದೇ ಕೆಂಪು ದೀಪ, ರಸ್ತೆಯ ಮಧ್ಯೆ ವೇಷ ಹಾಕಿ ಕುಣಿಯುವುದೂ ಅದೇ. ನಗರಸಭೆಯೇ ಯಜಮಾನನಾದಾಗ ಅಡ್ಡಿ ಅನ್ನುವ ಮಾತು ಎಲ್ಲಿಗೆ ಹೋಯಿತೋ! 1572ರ ಕಾನೂನು ಬರೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣುತ್ತಿರಲಿಲ್ಲ.

ಕೆಲವು ಊರುಗಳು ಪಾಸ್ ಕೊಡುವ ದಾರಿ ಹಿಡಿದಿವೆ. ಪ್ಯಾರಿಸ್ ಮೆಟ್ರೊ 1997ರಿಂದ ಹಾಡುಗಾರರನ್ನು ಆಡಿಷನ್ ಮಾಡಿ ಆರಿಸುತ್ತದೆ, ಲಂಡನ್ನಿನ ನೆಲದಡಿ ರೈಲಿನಲ್ಲಿ 2003ರಿಂದ ಪರವಾನಗಿ ಇದೆ. ಆಟ ಹೇಗಿದೆ ಅಂತ ಕೇಳುವ ಅಪರೂಪದ ಜಾಗಗಳು ಇವು. ಬ್ರೆಜಿಲ್‌ನ ಸಾವ್ ಪಾಲೊ 2013ರಲ್ಲಿ ಕಾನೂನನ್ನೇ ಮಾಡಿತು. ಬೀದಿಯಲ್ಲಿ ಆಡಬಹುದು, ಟೋಪಿ ಹಿಡಿಯಬಹುದು, ರಾತ್ರಿ ಹತ್ತಕ್ಕೆ ಮುಗಿಸಬೇಕು. ಒಳ್ಳೆಯದೇ. ಆದರೆ ಷರತ್ತುಗಳಲ್ಲಿ ಒಂದು, ವಾಹನ ಸಂಚಾರಕ್ಕೆ ತಡೆ ಆಗಬಾರದು ಅನ್ನುವುದು. ಸಿಗ್ನಲ್ ಆಟಗಾರನ ಪಾಡು ಈ ಒಂದು ಸಾಲಿನ ಮೇಲೆ ನಿಂತಿದೆ. ನಿಂತಿರುವ ಕಾರಿನ ಮುಂದೆ ನಿಂತರೆ ಅದು ತಡೆಯಾ? ದೀಪ ಹಸಿರಾದ ಮೇಲೂ ಸಾಲಿನ ನಡುವೆ ಚಿಲ್ಲರೆಗೆ ಕೈ ಚಾಚಿದ್ದರೆ?

ಅಮೆರಿಕದ ಕೋರ್ಟುಗಳು ಈ ಪ್ರಶ್ನೆಯ ಸುತ್ತ ತುಂಬ ಸುತ್ತಿವೆ. 1979ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯಾಂಟಕೆಟ್‌ನ ಬೀದಿ ಗಾಯಕನೊಬ್ಬನ ಕೇಸಿನಲ್ಲಿ, ಕೇಳುಗರಿಂದ ಕಾಸು ಪಡೆದ ಮಾತ್ರಕ್ಕೆ ಹಾಡುವ ಹಕ್ಕು ಹೋಗುವುದಿಲ್ಲ ಎಂದು ತೀರ್ಪು ಬಂತು. ಭಿಕ್ಷೆಯ ದೂರಿಗೆ ಅದೊಂದು ಉತ್ತರ. ಅಡ್ಡಿಯ ದೂರಿಗೆ ಉತ್ತರ ಸಿಕ್ಕಿದ್ದು 2011ರಲ್ಲಿ, ಕ್ಯಾಲಿಫೋರ್ನಿಯಾದ ರೆಡೊಂಡೊ ಬೀಚ್ ಕೇಸಿನಲ್ಲಿ. ಅದು ಕಲಾವಿದರ ಕೇಸೂ ಅಲ್ಲ, ರಸ್ತೆ ಬದಿ ನಿಂತು ಕಾರಿನವರ ಹತ್ತಿರ ಕೂಲಿ ಕೇಳುವವರದ್ದು. ವಾಹನದಲ್ಲಿ ಇರುವವರಿಂದ ಕೆಲಸವನ್ನೋ ದೇಣಿಗೆಯನ್ನೋ ಕೇಳಲೇಬಾರದು ಅನ್ನುವ ಊರಿನ ನಿಯಮವನ್ನು ಕೋರ್ಟ್ ತೆಗೆದುಹಾಕಿತು. ಸಂಚಾರಕ್ಕೆ ತಡೆ ಒಡ್ಡುವುದರ ವಿರುದ್ಧ ನಿಮ್ಮ ಹತ್ತಿರ ಆಗಲೇ ಕಾನೂನುಗಳಿವೆ, ಅವನ್ನು ಬಳಸಿ, ಎಲ್ಲರ ಬಾಯಿ ಮುಚ್ಚಿಸಬೇಡಿ ಅನ್ನುವುದು ಅದರ ತಾತ್ಪರ್ಯ. ಅಂದರೆ ನಿಜಕ್ಕೂ ಅಡ್ಡ ಬಂದನಾ ಅಂತ ಒಬ್ಬೊಬ್ಬರ ವಿಷಯದಲ್ಲೂ ನೋಡಬೇಕು. ಪೊಲೀಸರಿಗೆ ಇದು ಜಾಸ್ತಿ ಕೆಲಸ, ನಿಜ.

ಕೋರ್ಟು ಏನೇ ಹೇಳಲಿ, ಸಿಗ್ನಲ್‌ನ ಆಟಗಾರನಿಗೆ ಹೊಸ ತೊಂದರೆಗಳು ಬೇರೆ ಕಡೆಯಿಂದ ಬರುತ್ತಿವೆ. ಜನರ ಜೇಬಿನಲ್ಲಿ ಚಿಲ್ಲರೆ ಇಲ್ಲ. ಕೋಡ್ ಅಂಟಿಸಿದ ಹಲಗೆ ಹಿಡಿದರೆ, ಫೋನ್ ತೆಗೆದು ಪಾವತಿ ಮಾಡುವಷ್ಟರಲ್ಲಿ ಹಸಿರು ಬಿದ್ದು ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಕೆಂಪು ದೀಪ ಬಿದ್ದ ಕೂಡಲೇ ಚಾಲಕರ ಕಣ್ಣು ಹೋಗುವುದೂ ಫೋನಿನ ಕಡೆಗೇ. ಇನ್ನು ವಾಹನಗಳ ಸಂಖ್ಯೆ ನೋಡಿಕೊಂಡು ತಾನೇ ಸಮಯ ಬದಲಿಸುವ ಸಿಗ್ನಲ್‌ಗಳು ಬಂದಿವೆ. ನಲವತ್ತು ಆಟಕ್ಕೆ, ಇಪ್ಪತ್ತು ಟೋಪಿಗೆ ಅಂತ ಹಾಕಿಕೊಂಡ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಯಾಕೆಂದರೆ ಈ ಸಲದ ಕೆಂಪು ಎಷ್ಟು ಹೊತ್ತು ಇರುತ್ತದೆ ಅಂತ ಅವನಿಗೆ ಗೊತ್ತಿರುವುದಿಲ್ಲ.