ಎಸ್‌ಎಟಿಯಲ್ಲಿ ಇಂಗ್ಲಿಷಿನ ಪಾಲೆಷ್ಟು?

ಅಮೆರಿಕದ ಕಾಲೇಜು ಸೇರಲು ಎಸ್‌ಎಟಿ ಪರೀಕ್ಷೆಗೆ ಓದುತ್ತಿರುವ, ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗೆ ಸಿಗುವ ಸಲಹೆಗಳಲ್ಲಿ ಹಲವು ಈಗ ಅಸ್ತಿತ್ವದಲ್ಲೇ ಇಲ್ಲದ ಪರೀಕ್ಷೆಗೆ ಸೇರಿದವು. ಕಠಿಣ ಪದಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಬೇಕೆಂಬುದು ಅವುಗಳಲ್ಲಿ ಮೊದಲನೆಯದು. ಆ ಸಲಹೆ ಹುಟ್ಟಿದ್ದೇಕೆ, ಹಳತಾದದ್ದು ಯಾವಾಗ ಎಂದು ತಿಳಿಯಲು ಪರೀಕ್ಷೆಯ ಆರಂಭಕ್ಕೇ ಹೋಗಬೇಕು.

ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರ ಬುದ್ಧಿಮಟ್ಟ ಅಳೆಯಲು ಇಂಗ್ಲಿಷ್ ಓದಬಲ್ಲವರಿಗೆ ‘ಆಲ್ಫಾ’, ಓದಲಾರದವರಿಗೆ ‘ಬೀಟಾ’ ಎಂಬ ಎರಡು ಪರೀಕ್ಷೆಗಳನ್ನು ನಡೆಸಿತ್ತು. ಆ ಅಂಕಿಅಂಶಗಳನ್ನು ಆಧರಿಸಿ, ಪ್ರಿನ್ಸ್‌ಟನ್ನಿನ ಮನೋವಿಜ್ಞಾನಿ ಕಾರ್ಲ್ ಬ್ರಿಗಮ್, ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದ ವಲಸಿಗರು ಬುದ್ಧಿಯಲ್ಲಿ ಕೆಳಮಟ್ಟದವರು ಎಂದು 1923ರಲ್ಲಿ ವಾದಿಸಿದರು. ಅಮೆರಿಕದಲ್ಲಿ ಹೆಚ್ಚು ವರ್ಷ ಕಳೆದ ವಲಸಿಗರಿಗೆ ಹೆಚ್ಚು ಅಂಕ ಬಂದಿದ್ದನ್ನು ಅವರು ಕಂಡಿದ್ದರು. ಆದರೆ ಭಾಷೆ ಕಲಿತದ್ದೇ ಅದಕ್ಕೆ ಕಾರಣವೆಂದು ಒಪ್ಪದೆ, ಮೊದಲು ಬಂದವರೇ ಉತ್ತಮ ತಳಿಯವರು ಎಂದುಬಿಟ್ಟರು. ಇದೇ ಬ್ರಿಗಮ್ ನೇತೃತ್ವದಲ್ಲಿ ರೂಪುಗೊಂಡ ಎಸ್‌ಎಟಿಯನ್ನು 1926ರ ಜೂನ್ 23ರಂದು ಸುಮಾರು 8,000 ವಿದ್ಯಾರ್ಥಿಗಳು ಬರೆದರು. 97 ನಿಮಿಷಕ್ಕೆ 315 ಪ್ರಶ್ನೆಗಳು. ಕೃತಕವಾಗಿ ಕಟ್ಟಿದ ಭಾಷೆಯೊಂದರ ಮೇಲೂ ಒಂದು ಭಾಗವಿತ್ತು. ಯಾರಿಗೂ ತಾಯ್ನುಡಿಯಲ್ಲದ ಭಾಷೆಯೆಂಬ ಕಾರಣಕ್ಕೆ ನನಗೆ ಅದೇ ಎಲ್ಲಕ್ಕಿಂತ ನ್ಯಾಯವಾಗಿ ತೋರುತ್ತದೆ, ಆದರೆ ಅದು ಹೆಚ್ಚು ಕಾಲ ಉಳಿಯಲಿಲ್ಲ.

1930ರಲ್ಲಿ ಬ್ರಿಗಮ್ ತಮ್ಮ ಹಳೆಯ ವಾದವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಬೇರೆ ಭಾಷೆಯಾಡುವ ಮನೆಗಳಲ್ಲಿ ಬೆಳೆದವರನ್ನು ಇಂಗ್ಲಿಷ್ ಪರೀಕ್ಷೆಯಿಂದ ಅಳೆದು ಹೋಲಿಸಿದ ತಮ್ಮ ಅಧ್ಯಯನಕ್ಕೆ ಆಧಾರವೇ ಇಲ್ಲವೆಂದು ಬರೆದರು. ಪರೀಕ್ಷೆ ಮಾತ್ರ ನಿಲ್ಲಲಿಲ್ಲ.

ಮುಂದಿನ ದಶಕಗಳಲ್ಲಿ ಭಾಷೆಯ ಭಾಗವನ್ನು ಆಳಿದ್ದು ವಿರುದ್ಧಪದ ಮತ್ತು ಸಾದೃಶ್ಯದ ಪ್ರಶ್ನೆಗಳು. ‘ರನ್ನರ್‌ಗೆ ಮ್ಯಾರಥಾನ್ ಹೇಗೋ, ಓರ್ಸ್‌ಮನ್‌ಗೆ ರೆಗಾಟಾ ಹಾಗೆ’ ಎಂಬುದು ಅವುಗಳಲ್ಲಿ ಬಹಳ ಟೀಕೆಗೊಳಗಾದ ಒಂದು ಪ್ರಶ್ನೆಯ ಉತ್ತರ. ಓಟಗಾರನಿಗೂ ಓಟದ ಪಂದ್ಯಕ್ಕೂ ಇರುವ ಸಂಬಂಧವೇ ದೋಣಿಗೆ ಹುಟ್ಟು ಹಾಕುವವನಿಗೂ ದೋಣಿ ಪಂದ್ಯಕ್ಕೂ ಇದೆ ಎಂಬುದನ್ನು ತನ್ನ ಭಾಷೆಯಲ್ಲಿ ಯಾವ ಹುಡುಗಿಯೂ ಥಟ್ಟನೆ ಹೇಳಬಲ್ಲಳು. ಆದರೆ ‘ರೆಗಾಟಾ’ ಎಂಬ ಪದ ಕಿವಿಗೆ ಬಿದ್ದಿರದಿದ್ದರೆ ಆ ತರ್ಕವೆಲ್ಲ ವ್ಯರ್ಥ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದ ಬಡ ಮಕ್ಕಳಿಗೂ ಆ ಪದ ಅಷ್ಟೇ ದೂರದ್ದಾಗಿತ್ತು. ಪದಪಟ್ಟಿಯ ಬಾಯಿಪಾಠ ಅನಿವಾರ್ಯವಾದದ್ದು ಇಂಥ ಪ್ರಶ್ನೆಗಳಿಂದ. 1964ರಲ್ಲಿ ವಿದೇಶಿ ವಿದ್ಯಾರ್ಥಿಗಳ ಇಂಗ್ಲಿಷನ್ನು ಅಳೆಯಲೆಂದೇ ಟೋಫೆಲ್ ಬಂದ ಮೇಲೂ ಈ ಹೊರೆ ಇಳಿಯಲಿಲ್ಲ. ಎರಡನ್ನೂ ಬರೆಯಬೇಕಾದವರು ಇಂಗ್ಲಿಷಿಗಾಗಿ ಎರಡು ಬಾರಿ ಪರೀಕ್ಷೆಗೆ ಕುಳಿತಂತಾಯಿತು.

ವಿರುದ್ಧಪದಗಳು 1994ರಲ್ಲಿ, ಸಾದೃಶ್ಯಗಳು 2005ರಲ್ಲಿ ಹೋದವು. 2016ರ ಪರಿಷ್ಕರಣೆ ಅಪರೂಪದ ಪದಗಳನ್ನು ಬದಿಗಿಟ್ಟು, ಪರಿಚಿತ ಪದ ಒಂದು ವಾಕ್ಯದಲ್ಲಿ ಯಾವ ಅರ್ಥ ಕೊಡುತ್ತದೆಂದು ಕೇಳತೊಡಗಿತು. ಆಗ ಪರೀಕ್ಷೆ ನಡೆಸುವ ಸಂಸ್ಥೆಯಾದ ಕಾಲೇಜ್ ಬೋರ್ಡ್ ಕೊಟ್ಟ ಮಾದರಿ ಪ್ರಶ್ನೆಯಲ್ಲಿದ್ದದ್ದು ‘ಇಂಟೆನ್ಸ್’. ಉದ್ಯೋಗಗಳು ಕೆಲವೇ ನಗರಗಳಲ್ಲಿ ಗುಂಪುಗೂಡುವುದರ ಬಗೆಗಿನ ವಾಕ್ಯದಲ್ಲಿ ಅದಕ್ಕೆ ‘ಭಾವತೀವ್ರ’ ಎಂಬ ಅರ್ಥ ಹೊಂದದು. ‘ಸಾಂದ್ರ’ ಎಂಬುದೇ ಸರಿ. ಪದಕ್ಕೆ ಒಂದೇ ಅರ್ಥ ಉರುಹೊಡೆದವರು ಎಡವುವುದು ಇಲ್ಲೇ.

ವಿದೇಶಗಳಲ್ಲಿ 2023ರಿಂದಲೂ ಅಮೆರಿಕದಲ್ಲಿ 2024ರಿಂದಲೂ ಪರೀಕ್ಷೆ ಕಂಪ್ಯೂಟರಿಗೆ ಬಂದಿದೆ. ಮೊದಲು 500ರಿಂದ 750 ಪದಗಳಷ್ಟಿದ್ದ ಗದ್ಯಭಾಗಗಳ ಬದಲು ಈಗ 25ರಿಂದ 150 ಪದಗಳ ತುಣುಕುಗಳಿದ್ದು, ಒಂದೊಂದಕ್ಕೂ ಒಂದೇ ಪ್ರಶ್ನೆ. ಭಾಷೆಯ ಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆ ಎಂದರೆ ಒಂದಕ್ಕೆ ಸುಮಾರು 71 ಸೆಕೆಂಡು. ಉದ್ದದ ಪಠ್ಯದಲ್ಲಿ ದಾರಿ ತಪ್ಪುವ ಭಯ ಕಡಿಮೆಯಾಗಿದೆ. ಆದರೆ ವಿಜ್ಞಾನದ ತುಣುಕಿನಿಂದ ಹಳೆಯ ಕವಿತೆಗೆ ಮನಸ್ಸನ್ನು ಹೊರಳಿಸುವ ಕೆಲಸ ಹೆಚ್ಚಿದೆ. ಇವುಗಳಲ್ಲಿ 11ರಿಂದ 15 ಪ್ರಶ್ನೆಗಳು ವ್ಯಾಕರಣ ಮತ್ತು ವಿರಾಮಚಿಹ್ನೆಗಳವು. ಇಂಗ್ಲಿಷನ್ನು ನಿಯಮದ ಮೂಲಕ ಕಲಿತವರಿಗೆ, ಕಿವಿಗೆ ಹಿತವೆನಿಸಿದ್ದನ್ನೇ ನಂಬುವವರಿಗಿಂತ ಇಲ್ಲಿ ಅನುಕೂಲ ಹೆಚ್ಚೆಂಬುದು ನನ್ನ ಅನಿಸಿಕೆ. ಗಣಿತದಲ್ಲೂ ಸುಮಾರು ಶೇ 30ರಷ್ಟು ಪ್ರಶ್ನೆಗಳು ಕಥನರೂಪದವಾದ್ದರಿಂದ, ಲೆಕ್ಕ ಬಲ್ಲವರೂ ಓದಿನಿಂದ ಪಾರಾಗಲಾರರು.

ಇಂಗ್ಲಿಷ್ ಕಲಿಯುತ್ತಿರುವವರಿಗೆ ನೆರವು ಬಂದದ್ದು ತೀರಾ ಈಚೆಗೆ. 2017ರಿಂದ ಅಮೆರಿಕದ ರಾಜ್ಯಗಳು ಹಣ ಕೊಟ್ಟು ಶಾಲೆಗಳಲ್ಲೇ ನಡೆಸುವ ಎಸ್‌ಎಟಿಯಲ್ಲಿ ತಾಯ್ನುಡಿಯ ಸೂಚನೆಗಳಿಗೂ ದ್ವಿಭಾಷಾ ಪದಪಟ್ಟಿಗಳಿಗೂ ಅವಕಾಶವಾಯಿತು. ವಾರಾಂತ್ಯದಲ್ಲಿ ಸ್ವಂತ ಖರ್ಚಿನಿಂದ ಬರೆಯುವವರಿಗೆ, ಅಂದರೆ ಹೊರದೇಶಗಳಿಂದ ಬರೆಯುವ ಬಹುಪಾಲು ಮಂದಿಗೆ, ಈ ನೆರವು ಅನ್ವಯಿಸುವುದಿಲ್ಲ. ಸಿಕ್ಕವರಿಗೂ ಆ ಪಟ್ಟಿ ಕೊಡುವುದು ಪದಕ್ಕೆ ಪದವನ್ನಷ್ಟೇ. ‘ಇಂಟೆನ್ಸ್’ ಆ ವಾಕ್ಯದಲ್ಲಿ ಏನೆಂದು ಅದು ಹೇಳುವುದಿಲ್ಲ.